ಬೇರಿಗೊಂದು ಒಳ್ಳೆಯ ಒಕ್ಕಲು

ಬೆಳೆಗಳ ರೋಗ ತಡೆಯುವ ಉಪಕಾರಿ ಬ್ಯಾಕ್ಟೀರಿಯಾಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಅಳಲು ಒಂದೇ: "ಹಾಕಿದೆವು, ಆದರೂ ಗಿಡ ಸತ್ತಿತು." ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಟೊಮೆಟೊ ಗಿಡಗಳು ಹೂ ಬಿಡುವ ಹೊತ್ತಿಗೆ ಸೊರಗತೊಡಗಿದವು. ಸೂಡೋಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕದಡಿ ಬುಡಕ್ಕೆ ಎರಡು ಸಲ ಸುರಿದೆ. ವಾರ ಕಳೆಯುವುದರೊಳಗೆ ಸಾಲಿಗೆ ಸಾಲೇ ಒಣಗಿತು. ಪುಡಿ ನಕಲಿಯೋ, ಈ ವಿಧಾನವೇ ಸುಳ್ಳೋ?

ಉತ್ತರ: ಪುಡಿಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದು ಅಪ್ಪಟ ಅಸಲಿಯಾಗಿದ್ದರೂ ಆ ಗಿಡಗಳು ಉಳಿಯುತ್ತಿರಲಿಲ್ಲ.

ಮುಂದಿನ ಸಲ ಸೊರಗು ಕಂಡ ಕೂಡಲೇ ಒಂದು ಗಿಡವನ್ನು ಕಿತ್ತು, ಬುಡದ ಹತ್ತಿರ ಬೆರಳುದ್ದದ ಕಾಂಡವನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕಾಂಡದ ಕೆಳತುದಿ ಮಾತ್ರ ನೀರಿಗೆ ತಾಕುವಂತೆ ಕೈ ಅಲುಗಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನ ಬಣ್ಣದ ಸಣ್ಣ ಎಳೆಗಳು ಹೊರಟು ನೇರವಾಗಿ ಕೆಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ಎಳೆಯ ಉದ್ದಕ್ಕೂ ಇರುವುದು ರಾಲ್ಸ್ಟೋನಿಯಾ ಸೊಲನೇಸಿಯೇರಮ್ ಎಂಬ ಬ್ಯಾಕ್ಟೀರಿಯಾ. ಎಳೆ ಇಳಿಯದೆ, ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ಗಿಡ ನಿಧಾನವಾಗಿ ಸೊರಗಿದ್ದರೆ ಫ್ಯುಸೇರಿಯಮ್ ಶಿಲೀಂಧ್ರದ ಮೇಲೆ ಅನುಮಾನ ಪಡಬೇಕು. ಈ ಲೋಟದ ಪರೀಕ್ಷೆಯನ್ನು ನಾನು ನೂರಾರು ಸಲ ಮಾಡಿದ್ದೇನೆ. ಬಿಳಿ ಎಳೆ ಇಳಿಯುವಾಗ ಈಗಲೂ ಬಾಯಿ ಕಟ್ಟುತ್ತದೆ. ಎದುರಿಗೆ ನಿಂತ ಬೆಳೆಗಾರರಿಗೆ ಏನು ಹೇಳಬೇಕಾಗುತ್ತದೆ ಎಂಬುದು ಆ ಕ್ಷಣಕ್ಕೇ ಗೊತ್ತಾಗಿರುತ್ತದೆ.

ಗಿಡ ಸೊರಗಿದೆ ಎಂದರೆ ನೀರು ಏರುವ ನಾಳಗಳು ರೋಗಾಣುಗಳಿಂದಲೂ ಅವುಗಳ ಲೋಳೆಯಿಂದಲೂ ತುಂಬಿಹೋಗಿವೆ ಎಂದರ್ಥ. ನೀವು ಸುರಿದ ಸೂಡೋಮೊನಾಸ್ ವಾಸಿಸುವುದು ಮುಖ್ಯವಾಗಿ ಬೇರಿನ ಮೈಮೇಲೆ. ಕಾಂಡದ ನಾಳಕ್ಕೆ ನುಗ್ಗಿ ಅಲ್ಲಿರುವುದನ್ನು ಕೊಲ್ಲುವುದು ಅದರಿಂದ ಆಗದ ಕೆಲಸ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಹಾಗಾದರೆ ಅದು ಮಾಡುವುದೇನು? ಬೇರು ಮಣ್ಣಿನಿಂದ ಹೀರುವುದಷ್ಟೇ ಅಲ್ಲ, ಮಣ್ಣಿಗೆ ಸುರಿಯುವುದೂ ಉಂಟು. ಎಲೆಯಲ್ಲಿ ತಯಾರಾದ ಸಕ್ಕರೆ, ಸಾವಯವ ಆಮ್ಲ, ಅಮೈನೋ ಆಮ್ಲಗಳ ಒಂದು ಪಾಲು ಬೇರಿನ ಮೂಲಕ ಹೊರಗೆ ಒಸರುತ್ತದೆ. ಈ ಒಸರಿನಿಂದಾಗಿ ಬೇರಿನ ಸುತ್ತಲಿನ ಕೂದಲೆಳೆಯಷ್ಟು ಮಣ್ಣು ಉಳಿದ ಮಣ್ಣಿಗಿಂತ ಎಷ್ಟೋ ಪಟ್ಟು ಜೀವದಟ್ಟಣೆಯಿಂದ ಕೂಡಿರುತ್ತದೆ. 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್ನರ್ ಈ ಪಟ್ಟಿಗೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ನಾವು ಬೇರು ವಲಯ ಎನ್ನುತ್ತೇವೆ. ಇಲ್ಲಿ ಕೂರಲು ಒಳ್ಳೆಯ ಜಾಗಗಳು ಕಡಿಮೆ: ಬೇರಿನ ಜೀವಕೋಶಗಳ ನಡುವಿನ ಸಂದುಗಳು, ಕವಲೊಡೆಯುವ ಕಡೆಯ ಸಣ್ಣ ಬಿರುಕುಗಳು. ರೋಗಾಣು ಒಳನುಗ್ಗುವುದೂ ಹೆಚ್ಚಾಗಿ ಇಂಥ ಕಡೆಯಿಂದಲೇ. ಉಪಕಾರಿ ಬ್ಯಾಕ್ಟೀರಿಯಾ ಅಲ್ಲಿ ಮೊದಲೇ ಒಕ್ಕಲು ಕುಳಿತಿದ್ದರೆ ರೋಗಾಣುವಿಗೆ ಜಾಗವೂ ಸಿಗದು, ಅನ್ನವೂ ಸಿಗದು. ಹೀಗಾಗಿ ಬೀಜೋಪಚಾರ, ಸಸಿ ಮಡಿ, ನಾಟಿಯ ದಿನದ ಬೇರು ಅದ್ದುವಿಕೆ, ಈ ಮೂರೇ ಅದನ್ನು ಬಳಸುವ ಸರಿಯಾದ ಹೊತ್ತುಗಳು. ಹೂ ಬಿಡುವ ಹೊತ್ತಿಗೆ ಮನೆ ಬೇರೆಯವರ ವಶವಾಗಿರುತ್ತದೆ.

ಜಾಗದ ಜೊತೆಗೆ ಕಬ್ಬಿಣಕ್ಕೂ ಜಗಳ ನಡೆಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಹೆಚ್ಚಿನದು ಕರಗದ ರೂಪದಲ್ಲಿದೆ. ಸೂಡೋಮೊನಾಸ್ ಫ್ಲೋರೆಸೆನ್ಸ್ ಪಯೋವರ್ಡಿನ್ ಎಂಬ ಹಳದಿ-ಹಸಿರು ಬಣ್ಣದ ವಸ್ತುವನ್ನು ಹೊರಗೆ ಬಿಟ್ಟು, ಅದರಿಂದ ಕಬ್ಬಿಣವನ್ನು ಗಟ್ಟಿಯಾಗಿ ಕಚ್ಚಿಸಿ ಒಳಗೆ ಎಳೆದುಕೊಳ್ಳುತ್ತದೆ. ಸುತ್ತಲಿನ ಎಷ್ಟೋ ಶಿಲೀಂಧ್ರಗಳಿಗೆ ಅಷ್ಟು ಬಲವಾದ ಕೊಕ್ಕೆಯಿಲ್ಲ; ಅವು ಸೊರಗುತ್ತವೆ. ಕಬ್ಬಿಣದ ಈ ಕೊಕ್ಕೆಗೂ ಗಿಡದ ಬೆಳವಣಿಗೆಗೂ ಇರುವ ನಂಟನ್ನು ವಿಜ್ಞಾನಿ ಕ್ಲೋಪರ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಪ್ರಯೋಗಾಲಯ ಸೇರಿದ ಹೊಸದರಲ್ಲಿ ನಮ್ಮ ಹಿರಿಯರೊಬ್ಬರು ನನ್ನನ್ನು ಕತ್ತಲ ಕೋಣೆಗೆ ಕರೆದೊಯ್ದು, ಕಬ್ಬಿಣ ಕಡಿಮೆ ಇರುವ ಆಹಾರದ ಮೇಲೆ ಈ ಬ್ಯಾಕ್ಟೀರಿಯಾವನ್ನು ಬೆಳೆಸಿದ ತಟ್ಟೆಯನ್ನು ಅತಿನೇರಳೆ ದೀಪದ ಕೆಳಗೆ ಹಿಡಿದರು. ಹಗಲಿನಲ್ಲಿ ಮಂಕಾದ ಕೆನೆಬಣ್ಣದ ಚುಕ್ಕೆಗಳಂತಿದ್ದವು ಮಿಂಚುಹುಳದಂತೆ ಹಸಿರಾಗಿ ಬೆಳಗಿದವು. ತಟ್ಟೆಯ ಮಧ್ಯದಿಂದ ಹಬ್ಬಿ ಬಂದ ಶಿಲೀಂಧ್ರದ ಬಿಳಿ ಜಾಲ ಆ ಬೆಳಕಿನಿಂದ ಒಂದು ಬೆರಳಿನಷ್ಟು ದೂರದಲ್ಲಿ, ಗೆರೆ ಕೊಯ್ದಂತೆ ನಿಂತಿತ್ತು. ಈ ಕೆಲಸವನ್ನು ಬಿಡಬಾರದು ಎಂದು ಅಂದು ಅನ್ನಿಸಿದ್ದು ಇಂದಿಗೂ ಹಾಗೆಯೇ ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಅಚ್ಚರಿ ತರುವ ಸಂಗತಿ. 1991ರಲ್ಲಿ ಒಂದು ತಂಡ ಕಾರ್ನೇಷನ್ ಗಿಡದ ಬೇರಿಗೆ ಉಪಕಾರಿ ಬ್ಯಾಕ್ಟೀರಿಯಾ ಕೊಟ್ಟು, ಸೊರಗು ರೋಗದ ಶಿಲೀಂಧ್ರವನ್ನು ಕಾಂಡಕ್ಕೆ ಚುಚ್ಚಿತು. ಇನ್ನೊಂದು ತಂಡ ಸೌತೆಯ ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸಿ, ರೋಗಾಣುವನ್ನು ಎಲೆಗೆ ಹಾಕಿತು. ಉಪಕಾರಿಯೂ ಅಪಕಾರಿಯೂ ಎಲ್ಲಿಯೂ ಮುಖಾಮುಖಿಯಾಗಲಿಲ್ಲ, ಆದರೂ ರೋಗ ತಗ್ಗಿತು. ಬೇರಿಗೆ ತಗುಲಿದ ಸುಳಿವು ಗಿಡದ ಮೈಯೆಲ್ಲ ಹರಡಿ, ಎಲೆಯನ್ನು ಎಚ್ಚರವಾಗಿಟ್ಟಿತ್ತು. ಇದಕ್ಕೆ ಪ್ರೇರಿತ ನಿರೋಧಕತೆ ಎನ್ನುತ್ತಾರೆ. ಈ ಎಚ್ಚರ ಮೂಡಲು ಗಿಡಕ್ಕೆ ಕೆಲವು ದಿನ ಬೇಕು. ನಿಮ್ಮ ಟೊಮೆಟೊಗೆ ಆ ದಿನಗಳೇ ಇರಲಿಲ್ಲ.

ಪ್ರಶ್ನೆ: ರೋಗ ತರುವುದೂ ಬ್ಯಾಕ್ಟೀರಿಯಾ, ತಡೆಯುವುದೂ ಬ್ಯಾಕ್ಟೀರಿಯಾ ಎನ್ನುತ್ತೀರಿ. ನಾವು ಸುರಿದದ್ದೇ ಮುಂದೆ ರೋಗಾಣುವಾಗಿ ತಿರುಗಿಬಿದ್ದರೆ?

ಉತ್ತರ: ಈ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಇದಕ್ಕೆ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕೆಲಸ ಮಾಡಿದ ಅಲೆನ್ ಕೆರ್ ಅವರ ಕೆಲಸವೇ ಒಳ್ಳೆಯ ಉತ್ತರ.

ಪೀಚ್, ಬಾದಾಮಿ, ಗುಲಾಬಿ ಮುಂತಾದ ಗಿಡಗಳ ಬುಡದಲ್ಲಿ ಗೆಡ್ಡೆಯಂಥ ಗಂಟು ಬೆಳೆಯುವ ರೋಗವಿದೆ. ತರುವುದು ಆಗ್ರೋಬ್ಯಾಕ್ಟೀರಿಯಮ್. ಅದು ಗಾಯದ ಮೂಲಕ ಗಿಡವನ್ನು ಸೇರಿ, ತನ್ನ ವಂಶವಾಹಿಯ ಒಂದು ತುಂಡನ್ನು ಗಿಡದ ಜೀವಕೋಶದೊಳಕ್ಕೆ ಹೊಲಿದುಬಿಡುತ್ತದೆ. ಆಮೇಲೆ ಗಿಡ ತನಗೆ ಬೇಡದ ಗಂಟನ್ನು ಬೆಳೆಸುವುದಲ್ಲದೆ, ರೋಗಾಣುವಿಗೆ ಮಾತ್ರ ರುಚಿಸುವ ವಿಶೇಷ ಆಹಾರವನ್ನೂ ತಯಾರಿಸಿ ಬಡಿಸುತ್ತದೆ. ಕೆರ್ ಅವರಿಗೆ ಸಿಕ್ಕ ಕೆ84 ಎಂಬ ತಳಿ ಇದೇ ಕುಲದ್ದು, ಆದರೆ ರೋಗ ತರುವ ಸಾಮರ್ಥ್ಯವಿಲ್ಲದ್ದು. ಅದು ಆಗ್ರೋಸಿನ್ 84 ಎಂಬ ವಿಷವನ್ನು ತಯಾರಿಸುತ್ತದೆ. ರೋಗಾಣು ತನ್ನ ವಿಶೇಷ ಆಹಾರವನ್ನು ಒಳಗೆ ಸೆಳೆದುಕೊಳ್ಳಲು ಇಟ್ಟುಕೊಂಡಿರುವ ಬಾಗಿಲಿನಿಂದಲೇ ಈ ವಿಷ ಒಳಗೆ ಹೋಗುತ್ತದೆ. ಆ ಬಾಗಿಲಿಲ್ಲದ ಬ್ಯಾಕ್ಟೀರಿಯಾಗಳಿಗೆ ಅದರಿಂದ ತೊಂದರೆಯಿಲ್ಲ. ದ್ರಾಕ್ಷಿಯ ಗಂಟುರೋಗದ ಮೇಲೆ ಕೆ84 ನಡೆಯದಿರುವುದೂ ಇದೇ ಕಾರಣಕ್ಕೆ. 1970ರ ದಶಕದಿಂದ ನಾಟಿಗೆ ಮುಂಚೆ ಸಸಿಯ ಬೇರನ್ನು ಇದರಲ್ಲಿ ಅದ್ದಿ ನೆಡುತ್ತಿದ್ದಾರೆ. ಗಂಟು ಬಂದ ಮೇಲೆ ಅದ್ದಿದರೆ ಇಲ್ಲಿಯೂ ಫಲವಿಲ್ಲ.

ನಿಮ್ಮ ಭಯ ಸರಿಯಾಗಿ ತಾಕುವುದು ಇನ್ನೊಂದು ಜಾಗಕ್ಕೆ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ವಂಶವಾಹಿಗಳನ್ನು ದಾಟಿಸಬಲ್ಲವು. ಕೆ84 ತನ್ನ ವಿಷವನ್ನೂ, ಆ ವಿಷವನ್ನು ತಾಳಿಕೊಳ್ಳುವ ಗುಣವನ್ನೂ ರೋಗಾಣುವಿಗೇ ಕೊಟ್ಟುಬಿಟ್ಟರೆ ಕಥೆ ಮುಗಿಯಿತು. ಕೆರ್ ಮತ್ತು ಸಹೋದ್ಯೋಗಿಗಳು ಇದನ್ನು ಮೊದಲೇ ಕಂಡು, ದಾಟಿಸುವ ಶಕ್ತಿಯ ಭಾಗವನ್ನೇ ಕತ್ತರಿಸಿ ತೆಗೆದು ಕೆ1026 ಎಂಬ ತಳಿಯನ್ನು ಮಾಡಿದರು. ಭಯಪಟ್ಟು ಕೈಬಿಡುವ ಬದಲು ಭಯ ಎಲ್ಲಿದೆಯೆಂದು ಹುಡುಕಿ ಅಲ್ಲಿಗೇ ಕತ್ತರಿ ಹಾಕಿದ ಈ ಕೆಲಸ ನನಗೆ ಬಹಳ ಮೆಚ್ಚು.

ಪ್ರಶ್ನೆ: ಟ್ರೈಕೋಡರ್ಮಾ, ರೈಜೋಬಿಯಮ್, ಬಿಟಿ, ಸೂಡೋಮೊನಾಸ್ ಎಲ್ಲವೂ ಒಂದೇ ಬಗೆಯವೇ? ಒಂದರ ಬದಲು ಇನ್ನೊಂದು ಬಳಸಬಹುದೇ?

ಉತ್ತರ: ಬಳಸಲಾಗದು. ಟ್ರೈಕೋಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಬೇರೆ ಶಿಲೀಂಧ್ರಗಳನ್ನು ಸುತ್ತಿ ತಿನ್ನುತ್ತದೆ. ರೈಜೋಬಿಯಮ್ ದ್ವಿದಳ ಗಿಡಗಳ ಬೇರುಗಂಟಿನಲ್ಲಿ ಸಾರಜನಕ ಒದಗಿಸುವುದು. ಬಿಟಿ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಕೀಟಗಳ ಮೇಲಿನ ಅಸ್ತ್ರ. ರೋಗದ ವಿರುದ್ಧ ಬಳಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚು ಸಿಗುವುದು ಸೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮತ್ತು ಅದರ ಹತ್ತಿರದ ನೆಂಟರು, ಕೆಲವು ಕಡೆ ಸ್ಟ್ರೆಪ್ಟೋಮೈಸಿಸ್.

ಪ್ರಶ್ನೆ: ಹೋದ ಹಂಗಾಮಿನಲ್ಲಿ ಉಳಿದ ಸೂಡೋಮೊನಾಸ್ ಪೊಟ್ಟಣವಿದೆ. ಬಳಸಬಹುದೇ? ಶಿಲೀಂಧ್ರನಾಶಕದ ಜೊತೆ ಒಂದೇ ಟ್ಯಾಂಕಿಗೆ ಹಾಕಿದರೆ ಕೂಲಿ ಉಳಿಯುತ್ತದೆಯಲ್ಲ?

ಉತ್ತರ: ಪೊಟ್ಟಣದ ಮೇಲಿನ ದಿನಾಂಕ ನೋಡಿ. ಅವಧಿ ಮುಗಿದಿದ್ದರೆ ಅದು ಟಾಲ್ಕ್ ಪುಡಿಯಷ್ಟೆ. ಸೂಡೋಮೊನಾಸ್‌ಗೆ ಬೀಜಕ ಕಟ್ಟಿಕೊಂಡು ಮಲಗುವ ವಿದ್ಯೆ ಗೊತ್ತಿಲ್ಲ. ಒಣಗಿದರೆ, ಬಿಸಿಯಾದರೆ ದಿನದಿನಕ್ಕೂ ಸಾಯುತ್ತ ಹೋಗುತ್ತದೆ. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪೊಟ್ಟಣದಲ್ಲಿ ಅವಧಿಗೆ ಮುಂಚೆಯೇ ಎಲ್ಲವೂ ಮುಗಿದಿರಬಹುದು. ಬ್ಯಾಸಿಲಸ್‌ನ ಜಾತಕ ಬೇರೆ. ಅದು ಗಟ್ಟಿಯಾದ ಬೀಜಕದೊಳಗೆ ಕುಳಿತು ಕಾಯಬಲ್ಲದು. ಮಣ್ಣಿನಿಂದ ಬ್ಯಾಸಿಲಸ್ ಬೇರ್ಪಡಿಸುವಾಗ ನಾವು ಮಣ್ಣು ಕದಡಿದ ನೀರನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕಾಯಿಸುತ್ತೇವೆ. ಉಳಿದವು ಸಾಯುತ್ತವೆ, ಬೀಜಕಗಳು ಉಳಿಯುತ್ತವೆ.

ನಕಲಿಯೋ ಅಸಲಿಯೋ ಎಂದು ತಿಳಿಯುವ ದಾರಿ ಎಣಿಕೆಯೊಂದೇ. ಒಳ್ಳೆಯ ಪುಡಿಯಲ್ಲಿ ಗ್ರಾಮಿಗೆ 10 ಕೋಟಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚು ಜೀವಂತ ಬ್ಯಾಕ್ಟೀರಿಯಾ ಇರಬೇಕು. ಒಂದು ಗ್ರಾಂ ಪುಡಿಯನ್ನು ಶುದ್ಧ ನೀರಿನಲ್ಲಿ ಕಲಕಿ, ಹತ್ತರಲ್ಲೊಂದು, ಅದರ ಹತ್ತರಲ್ಲೊಂದು ಎಂದು ತೆಳುವಾಗಿಸುತ್ತ ಹೋಗಿ, ಕೊನೆಯ ಹನಿಯನ್ನು ತಟ್ಟೆಗೆ ಸವರಿ, ಎರಡು ದಿನ ಬಿಟ್ಟು ಎದ್ದ ಚುಕ್ಕೆಗಳನ್ನು ತಟ್ಟೆಯ ಬೆನ್ನಿಗೆ ಪೆನ್ನಿನಿಂದ ಗುರುತು ಹಾಕುತ್ತ ಎಣಿಸುತ್ತೇವೆ. ಎಣಿಸಲು ಒಂದು ಚುಕ್ಕೆಯೂ ಏಳದ ಪೊಟ್ಟಣಗಳನ್ನು ಕಂಡಿದ್ದೇನೆ. ಮೂಸಿ, ಮುಟ್ಟಿ, ಬಣ್ಣ ನೋಡಿ ಯಾರೂ ಇದನ್ನು ಹೇಳಲಾರರು. ಪರೀಕ್ಷೆ ಮಾಡಿಸುವ ಅವಕಾಶವಿದ್ದರೆ ದಯವಿಟ್ಟು ಮಾಡಿಸಿ.

ಒಂದೇ ಟ್ಯಾಂಕಿನ ಮಾತಿಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನೇ ಒಂದು ಪ್ರಯೋಗ ನಡೆಸಿದ್ದೆ. ಸಸಿ ಮಡಿಯಲ್ಲಿ ಸಸಿ ಕೊಳೆ ತಡೆಯಲು, ಕುಂಡಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಸೂಡೋಮೊನಾಸ್ ತಳಿಯನ್ನು ಸುರಿದಿದ್ದೆ. ಸುರಿದ ಮಡಿಗೂ ಸುರಿಯದ ಮಡಿಗೂ ಏನೂ ವ್ಯತ್ಯಾಸವಿರಲಿಲ್ಲ. ತಳಿ ದುರ್ಬಲ ಎಂದು ಬರೆದಿಡುವುದರಲ್ಲಿದ್ದೆ. ಮನಸ್ಸು ಒಪ್ಪದೆ ಟ್ಯಾಂಕಿನ ತಳದಲ್ಲಿ ಉಳಿದಿದ್ದ ದ್ರಾವಣವನ್ನು ತಟ್ಟೆಗೆ ಸವರಿದೆ. ಎರಡು ದಿನ ಕಳೆದರೂ ತಟ್ಟೆ ಬೋಳಾಗಿಯೇ ಇತ್ತು. ಹಿಂದಿನ ವಾರ ಅದೇ ಟ್ಯಾಂಕಿನಲ್ಲಿ ತಾಮ್ರದ ಶಿಲೀಂಧ್ರನಾಶಕ ಕಲಸಿದ್ದರು. ನಾನು ಒಮ್ಮೆ ನೀರು ಆಡಿಸಿ ಚೆಲ್ಲಿ, ಅಷ್ಟೇ ಸಾಕು ಎಂದುಕೊಂಡಿದ್ದೆ. ಒಂದು ಹಂಗಾಮಿನ ಕೆಲಸ ಆ ಅರೆತೊಳೆದ ಟ್ಯಾಂಕಿನಲ್ಲಿ ಮುಳುಗಿತು. ಅಂದಿನಿಂದ ಜೈವಿಕ ಬಳಕೆಗೆಂದೇ ಬೇರೆ ಪಾತ್ರೆ ಇಟ್ಟುಕೊಂಡಿದ್ದೇನೆ.

ಬೋರ್ಡೋ ದ್ರಾವಣವಿರಲಿ, ತಾಮ್ರದ ಇತರ ಪುಡಿಗಳಿರಲಿ, ಸ್ಟ್ರೆಪ್ಟೋಸೈಕ್ಲಿನ್‌ನಂಥ ಪ್ರತಿಜೀವಕಗಳಿರಲಿ, ಇವು ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಉಳಿಸುವುದಿಲ್ಲ. ನಡುವೆ ಕನಿಷ್ಠ ಹತ್ತು ಹದಿನೈದು ದಿನಗಳ ಅಂತರವಿರಲಿ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯಿಡೀ ತೆರೆದಿಡಿ. ಬಿಸಿಲಿನ ಅತಿನೇರಳೆ ಕಿರಣವೂ ಶತ್ರುವೇ, ಆದ್ದರಿಂದ ಸಂಜೆಯ ಹೊತ್ತೇ ಒಳ್ಳೆಯದು. ಗೊಬ್ಬರದಲ್ಲಿ ಬೆರೆಸುವುದಾದರೆ ಪೂರ್ತಿ ಕಳಿತು ತಣ್ಣಗಾದ ಗೊಬ್ಬರವಿರಲಿ. ಕುದಿಯುತ್ತಿರುವ ತಿಪ್ಪೆಯ ಒಡಲಿನ ಶಾಖಕ್ಕೆ ಸೂಡೋಮೊನಾಸ್ ಬದುಕುವುದಿಲ್ಲ.

ಪ್ರಶ್ನೆ: ಒಂದು ಪೊಟ್ಟಣ ತಂದು ಸಕ್ಕರೆ ನೀರಿನಲ್ಲಿ ಹಾಕಿ ಡ್ರಮ್ಮಿನಲ್ಲಿ ನಾವೇ ಹೆಚ್ಚಿಸಿಕೊಳ್ಳಬಾರದೇಕೆ?

ಉತ್ತರ: ಹೆಚ್ಚುವುದು ನಿಜ. ಆದರೆ ಹೆಚ್ಚಿದ್ದು ಯಾವುದು? ತೆರೆದ ಡ್ರಮ್ಮಿನ ಸಿಹಿನೀರಿಗೆ ಗಾಳಿಯಿಂದ, ಕೋಲಿನಿಂದ, ಕೈಯಿಂದ ಬಂದವೆಲ್ಲವೂ ನೆಂಟರೇ. ಅವುಗಳಲ್ಲಿ ಅತಿ ವೇಗವಾಗಿ ಉಣ್ಣಬಲ್ಲದ್ದು ಗೆಲ್ಲುತ್ತದೆ, ನಿಮಗೆ ಬೇಕಾದದ್ದಲ್ಲ.

ಕತ್ತಲ ಕೋಣೆಯಲ್ಲಿ ಹಸಿರಾಗಿ ಬೆಳಗುವ ಚುಕ್ಕೆಗಳ ಬಗ್ಗೆ ಮೇಲೆ ಬರೆದೆ. ಆ ಬೆಳಕು ನಂಬಿಕೆಯ ಗುರುತಲ್ಲ. ಗಿಡಗಳಿಗೆ ರೋಗ ತರುವ ಸೂಡೋಮೊನಾಸ್ ಸಿರಿಂಜೆ ಹಾಗೆಯೇ ಬೆಳಗುತ್ತದೆ. ಗಾಯವಾದವರಿಗೆ, ನಿತ್ರಾಣರಾದವರಿಗೆ ಸೋಂಕು ತರುವ ಸೂಡೋಮೊನಾಸ್ ಏರುಜಿನೋಸಾವೂ ಬೆಳಗುತ್ತದೆ. ಸೂಡೋಮೊನಾಸ್ ಫ್ಲೋರೆಸೆನ್ಸ್ ನಮ್ಮ ಮೈಬಿಸಿಯಲ್ಲಿ ಸಾಮಾನ್ಯವಾಗಿ ಸರಿಯಾಗಿ ಬೆಳೆಯದು. ಏರುಜಿನೋಸಾಕ್ಕೆ ಮಾತ್ರ ಆ ಬಿಸಿ ಹಿತ. ಕಣ್ಣಿಗೆ ಎರಡೂ ಒಂದೇ. ಬರ್ಕೋಲ್ಡೇರಿಯಾ ಸೆಪೇಸಿಯಾದ ಉದಾಹರಣೆ ಇನ್ನೂ ಕಠಿಣ. 1950ರಲ್ಲಿ ವಾಲ್ಟರ್ ಬರ್ಕೋಲ್ಡರ್ ಅದನ್ನು ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾ ಎಂದು ಗುರುತಿಸಿದರು. ಆಮೇಲೆ ಅದೇ ಗುಂಪಿನ ಕೆಲವು ತಳಿಗಳು ಬೇರುರೋಗಗಳನ್ನು ಬಹಳ ಚೆನ್ನಾಗಿ ತಡೆಯುತ್ತವೆ ಎಂದು ಕಂಡುಬಂತು. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಇರುವವರ ಶ್ವಾಸಕೋಶಕ್ಕೆ ಇದೇ ಗುಂಪು ಪ್ರಾಣಾಂತಕವಾಯಿತು. ಬೇರಿನ ಮೇಲೆ ಅಷ್ಟು ಒಳ್ಳೆಯದಿದ್ದರೂ ಅದನ್ನು ಹೊಲಗಳಲ್ಲಿ ಹರಡುವ ಯೋಚನೆಯನ್ನು ಕೈಬಿಡಬೇಕಾಯಿತು. ತಳಿಯನ್ನು ಗುರುತಿಸಿ, ಪರೀಕ್ಷಿಸಿ, ಶುದ್ಧವಾಗಿ ಬೆಳೆಸುವ ಕೆಲಸ ಪ್ರಯೋಗಾಲಯದಲ್ಲಿಯೇ ನಡೆಯಲಿ.

ಪ್ರಶ್ನೆ: ಒಂದೇ ಹೊಲದಲ್ಲಿ ಒಂದೇ ಬೆಳೆ ಬೆಳೆಯುತ್ತ ಹೋದರೆ ಕೆಲವೊಮ್ಮೆ ರೋಗ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕೇಳಿದೆ. ನಿಜವೇ? (ಪದವಿ ವಿದ್ಯಾರ್ಥಿನಿ)

ಉತ್ತರ: ನಿಜ, ಮತ್ತು ನಿಮ್ಮ ಪ್ರಶ್ನೆ ಕಂಡು ಬಹಳ ಸಂತೋಷವಾಯಿತು. ಗೋಧಿಯ ಬೇರನ್ನು ಕಪ್ಪಾಗಿಸಿ, ತೆನೆಯನ್ನು ಕಾಳಿಲ್ಲದೆ ಬೆಳ್ಳಗೆ ಒಣಗಿಸುವ ಟೇಕ್-ಆಲ್ ಎಂಬ ರೋಗವಿದೆ. ತರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಗೋಧಿಯ ಮೇಲೆ ಗೋಧಿ ಹಾಕಿದರೆ ರೋಗ ಮೊದಲ ಕೆಲವು ವರ್ಷ ಏರುತ್ತ ಹೋಗಿ, ಬೆಳೆ ಕೈಗೆ ಸಿಗದಷ್ಟಾಗುತ್ತದೆ. ಅಲ್ಲಿಯೂ ಎದೆಗುಂದದೆ ಮತ್ತೆ ಗೋಧಿಯನ್ನೇ ಬಿತ್ತಿದ ಹೊಲಗಳಲ್ಲಿ ರೋಗ ತಾನಾಗಿ ಇಳಿಯಿತು, ಇಳಿದೇ ಉಳಿಯಿತು. ಶಿಲೀಂಧ್ರ ಅಲ್ಲಿಯೇ ಇತ್ತು, ಕೈಲಾಗದೆ ಇತ್ತು.

ಆ ಮಣ್ಣಿನ ಸ್ವಲ್ಪ ಪಾಲನ್ನು ಹೆಪ್ಪಿನಂತೆ ರೋಗವಿರುವ ಮಣ್ಣಿಗೆ ಬೆರೆಸಿದರೆ ಅಲ್ಲಿಯೂ ರೋಗ ತಗ್ಗಿತು. ತೇವದ ಶಾಖದಲ್ಲಿ 60 ಡಿಗ್ರಿಗೆ ಅರ್ಧ ಗಂಟೆ ಇಟ್ಟ ಮಣ್ಣು ಆ ಗುಣವನ್ನು ಕಳೆದುಕೊಂಡಿತು. ಅಂದರೆ ಗುಣ ಮಣ್ಣಿನ ಖನಿಜದಲ್ಲಿರಲಿಲ್ಲ, ಜೀವದಲ್ಲಿತ್ತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮೊದಲಾದವರು ಇದರ ಬೆನ್ನು ಹತ್ತಿದರು. ಕೊನೆಗೆ ಸಿಕ್ಕವು ಡೈಅಸಿಟೈಲ್‌ಫ್ಲೋರೋಗ್ಲುಸಿನಾಲ್ ಎಂಬ ಪ್ರತಿಜೀವಕವನ್ನು ತಯಾರಿಸುವ ಸೂಡೋಮೊನಾಸ್‌ಗಳು. ಒಂದು ಗ್ರಾಂ ಬೇರಿಗೆ ಸುಮಾರು 1 ಲಕ್ಷದಷ್ಟು ಇದ್ದರೆ ರೋಗ ತಗ್ಗುತ್ತದೆ, ಅದಕ್ಕಿಂತ ಇಳಿದರೆ ಇಲ್ಲ ಎಂಬುದನ್ನು 1998ರಲ್ಲಿ ರಾಯ್‌ಮಾಕರ್ಸ್ ಮತ್ತು ವೆಲ್ಲರ್ ತೋರಿಸಿದರು. ರೋಗ ಬಂದು ಬೇರು ಒಡೆದಾಗ ಹೆಚ್ಚು ಒಸರು ಸಿಕ್ಕು ಈ ಬ್ಯಾಕ್ಟೀರಿಯಾಗಳು ಬೆಳೆದವು, ಬೆಳೆದು ಬೇರನ್ನು ಕಾದವು. ಯಾರೂ ತಂದು ಸುರಿಯಲಿಲ್ಲ. ಗೋಧಿಯೇ ತನ್ನ ಒಕ್ಕಲನ್ನು ತಾನೇ ಕೂರಿಸಿಕೊಂಡಿತು.

ಇದನ್ನು ಓದಿ ಯಾರೂ ಬೆಳೆ ಬದಲಿಸುವುದನ್ನು ನಿಲ್ಲಿಸಬೇಡಿ. ಹೆಚ್ಚಿನ ಬೆಳೆಗಳಲ್ಲಿ ಒಂದರ ಮೇಲೆ ಅದೇ ಹಾಕಿದರೆ ರೋಗ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಗೋಧಿಯಲ್ಲಿಯೂ ಆ ನಡುವಿನ ವರ್ಷಗಳ ನಷ್ಟ ಭೀಕರವಾದದ್ದು. ನೀವು ವಿದ್ಯಾರ್ಥಿನಿ, ನಿಮಗೆ ಬೇರೆ ಮಾತು ಹೇಳುತ್ತೇನೆ: ಅಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದರಲ್ಲಿ ಮಾತ್ರ ರೋಗ ಕಡಿಮೆ ಎಂದು ಯಾರಾದರೂ ಹೇಳಿದರೆ ಅದನ್ನು ಅದೃಷ್ಟ ಎಂದು ತಳ್ಳಿಹಾಕಬೇಡಿ. ಎರಡೂ ಕಡೆಯ ಮಣ್ಣು ತನ್ನಿ, ಒಂದೊಂದರ ಅರ್ಧವನ್ನು ಕಾಯಿಸಿ, ಅರ್ಧವನ್ನು ಹಾಗೆಯೇ ಬಿಟ್ಟು, ನಾಲ್ಕು ಸಾಲು ಕುಂಡಗಳಲ್ಲಿ ಅದೇ ಬೆಳೆಯನ್ನು ಬಿತ್ತಿ ನೋಡಿ.

ಪ್ರಶ್ನೆ: ನಾಡಿದ್ದು ಮೆಣಸಿನ ಸಸಿ ನಾಟಿ. ಸೂಡೋಮೊನಾಸ್ ಪುಡಿ ತಂದಿದ್ದೇನೆ. ಏನು ಮಾಡಲಿ?

ಉತ್ತರ: ಪೊಟ್ಟಣದ ದಿನಾಂಕ ನೋಡಿ, ನೆರಳಿನಲ್ಲಿಡಿ. ನಾಡಿದ್ದು ಸಂಜೆ ಬಿಸಿಲು ತಗ್ಗಿದ ಮೇಲೆ ಪುಡಿಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಲೇಬಲ್ಲಿನಲ್ಲಿರುವ ಪ್ರಮಾಣಕ್ಕೆ ನೀರು ಸೇರಿಸಿ. ಸಸಿಯ ಬೇರನ್ನು ಹರಿಯದಂತೆ ಬಿಡಿಸಿ ಅರ್ಧ ಗಂಟೆ ಅದ್ದಿಡಿ. ನೆಡುವ ಜಾಗ ಮೊದಲೇ ತೇವವಾಗಿರಲಿ. ಉಳಿದ ದ್ರಾವಣವನ್ನು ನಾಳೆಗೆಂದು ಇಡದೆ ಅಂದೇ ಬುಡಗಳಿಗೆ ಸುರಿದುಬಿಡಿ. ಮತ್ತು ಬಕೆಟ್ ಹೊಸದಿರಲಿ, ಇಲ್ಲವೇ ಇದುವರೆಗೆ ಯಾವ ಔಷಧಿಯನ್ನೂ ಕಲಸಿರದ್ದಿರಲಿ.